ಆಲೆಮನೆಯ ಇಂಗ್ಲಿಷು

ನನ್ನಕ್ಕ ಪುಟ್ಟತಾಯಮ್ಮನನ್ನು ಮಂಡ್ಯದ ಪರೀಕ್ಷೆಗೆ ಕರೆದುಕೊಂಡು ಹೋದವನು ನಾನೇ ಎಂದು ನಮ್ಮೂರಿನಲ್ಲಿ ಐದು ವರ್ಷ ಹೇಳಿಕೊಂಡು ಬಂದರು. ನಾನು ಹೋಗಿರಲಿಲ್ಲ. ಮದ್ದೂರು ಸ್ಟೇಷನ್ನಿನಲ್ಲಿ ಅವಳನ್ನು ಬಿಟ್ಟು ಬಚ್ಚಿಟ್ಟುಕೊಂಡಿದ್ದೆ. ಇದನ್ನು ಮೊದಲು ಬರೆಯದೆ ಅವಳ ವಿಷಯ ಬರೆಯಲು ನನಗೆ ಕೈ ಬಾರದು.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿದೆ. ನಮಗೆ ಸ್ವಂತ ಆಲೆಮನೆ ಇತ್ತು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ, ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಹಿಡಿದಳು. ಆಲೆಮನೆಯ ಗೋಡೆ ಹೊಗೆ ಕುಡಿದು ಕುಡಿದು ಕಪ್ಪು ಹಲಗೆಯ ಹಾಗಾಗಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯಲು ಹಾಕುವ ಸುಣ್ಣ ಅಲ್ಲೇ ಮಡಕೆಯಲ್ಲಿರುತ್ತಿತ್ತು. ಅಕ್ಕ ಅದರ ಹೆಂಟೆಯೊಂದನ್ನು ಮುರಿದುಕೊಂಡು, ಒಂದು ಕೈಯಲ್ಲಿ ಸಿಪ್ಪೆ ತಳ್ಳುತ್ತ ಇನ್ನೊಂದು ಕೈಯಲ್ಲಿ ಗೋಡೆಯ ಮೇಲೆ ಇಂಗ್ಲಿಷ್ ಬರೆಯುತ್ತಿದ್ದಳು. ಅವಳನ್ನು ನೆನೆದರೆ ಇವತ್ತಿಗೂ ನನಗೆ ಕಾಣುವುದು ಆ ಬೆನ್ನು, ಬೆಂಕಿಯ ಬೆಳಕು, ಬಿಳಿ ಅಕ್ಷರ.

ಪುಸ್ತಕ ನನ್ನದು. ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ನಾನು ಅದನ್ನು ಅಟ್ಟಕ್ಕೆ ಎಸೆದಿದ್ದೆ. ಊರ ಸಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದ ಅಕ್ಕ ಅದನ್ನು ಇಳಿಸಿ, ಧೂಳು ಕೊಡವಿ, ಊರ ಮೇಷ್ಟ್ರ ಹತ್ತಿರ ಕೇಳಿ ಕೇಳಿ ಓದಿದಳು. ಲೆಕ್ಕ, ಭೂಗೋಳ ಅವಳಿಗೆ ಸಲೀಸಾಗಿ ಬಂದವು. ಇಂಗ್ಲಿಷು ಮಾತ್ರ ಎರಡು ವರ್ಷ ತೆಗೆದುಕೊಂಡಿತು.

ಅವಳ ಪ್ರಕಾರ ಇಂಗ್ಲಿಷಿಗೆ ಐದು ಕ್ರಿಯಾಪದ ಸಾಕು: ಕಮ್, ಗೋ, ಗಿವ್, ಟೇಕ್, ಕೀಪ್. "ಅಡುಗೆ ಮನೇಲಿ ಪಾತ್ರೆ ಎಷ್ಟಿದ್ರೂ ದಿನಾ ಒಲೆ ಮೇಲೆ ಏರಾದು ಐದೇ ಕಣ್ಲಾ" ಎನ್ನುವಳು. ಆ ಐದಕ್ಕೆ ಹೂ, ವಿಚ್, ದಟ್ ಎಂಬ ಮೂರು ಕೊಂಡಿ ಸಿಕ್ಕಿಸಿದರೆ ಊರಿನ ಯಾರ ವಿಷಯ ಬೇಕಾದರೂ ಹೇಳಬಹುದಿತ್ತು. ನಮ್ಮ ಗೌರಿ ಹಸು 'ದ ಕೌ ದಟ್ ಗಿವ್ಸ್ ನೋ ಮಿಲ್ಕ್' ಆಯಿತು. ಬಿಸಿ ಬೆಲ್ಲದ ವಾಸನೆ ಹಿಡಿದು ದಿನವೂ ಬರುತ್ತಿದ್ದ ಸಿದ್ದಮಾವನಿಗೆ ಅವಳು ಎದುರಿಗೇ 'ದ ಮ್ಯಾನ್ ಹೂ ಕಮ್ಸ್, ಟೇಕ್ಸ್ ಅಂಡ್ ಗೋಸ್' ಎಂದು ಹೆಸರಿಟ್ಟಳು. ಬಂದು, ತೆಗೆದುಕೊಂಡು, ಹೋಗುವ ಮನುಷ್ಯ. ಅವನು ನನ್ನನ್ನು ಪಕ್ಕಕ್ಕೆ ಕರೆದು ಅರ್ಥ ಕೇಳಿದ. ದೊಡ್ಡ ಮನುಷ್ಯ ಅಂತ ಮಾವ, ಎಂದೆ. ಅವನು ಅದನ್ನು ಬಾಯಿಪಾಠ ಮಾಡಿ ಮದ್ದೂರು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ.

ನನಗೆ ಸಾಲೆಯಲ್ಲಿ ಯಾರೂ ತಿಳಿಸದಿದ್ದ ಒಂದು ವಿಷಯವನ್ನು ಅವಳು ಸಿಪ್ಪೆ ತಳ್ಳುತ್ತಲೇ ತಿಳಿಸಿದಳು. "ನಮ್ಮ ಮಾತು ಊರ ಮೆರವಣಿಗೆ ಇದ್ದಂಗೆ ಕಣ್ಲಾ ನಿಂಗ. ಮುಂದೆ ತಮಟೆ, ಪಂಜು, ಜನ ಎಲ್ಲಾ ದಾಟೋದ್ಮೇಲೆ ಕೊನೇಲಿ ದೇವ್ರು ಬತ್ತಾನೆ. ನೆನ್ನೆ ಸಂತೇಲಿ ಅಗ್ಗ ಕಿತ್ಕೊಂಡು ಓಡೋದ ಕೆಂದ ಎತ್ತು ಅಂತೀವಿ. ಎತ್ತು ಕಾಣ್ಬೇಕಾದ್ರೆ ಕೊನೇಗಂಟ ಕಾಯ್ಬೇಕು. ಇಂಗ್ಲೀಸಲ್ಲಿ ದೇವ್ರು ಮುಂದೆ, ತಮಟೆಯೋರು ಇಂದೆ. ಮುಂದೆ ಓಗೋರಿಗೆ ಇಂದೆ ಬರೋರು ಬೇಕೇ ಬೇಕು." ಹೇಳಿ, ನಿನ್ನ ಬಗ್ಗೆ ನೀನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟು ಎಂದಳು. ಬರುವುದಿಲ್ಲ ಎಂದೆ. ಬಂದಾಗ ಹೇಳು ಎಂದಳು. ಆಮೇಲೂ ಎಷ್ಟೋ ಸಲ ಕೇಳಿದಳು. ನಾನು ಕಟ್ಟಲಿಲ್ಲ.

ಮೇಷ್ಟ್ರು ಅವಳ ಹೆಸರಿನಲ್ಲಿ ಪರೀಕ್ಷೆಗೆ ಅರ್ಜಿ ತುಂಬಿದರು. ಅದೇ ಲೋವರ್ ಸೆಕೆಂಡರಿ. ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ, ಇಲ್ಲವಾದರೆ ಬದುಕಿರುವವರೆಗೂ ಒಲೆಗೆ ಸಿಪ್ಪೆ. ಅಪ್ಪ ಬಹಳ ದಿನ ಯೋಚಿಸಿ, ನಿಂಗ ಜೊತೆಗೆ ಹೋಗುವುದಾದರೆ ಮಾತ್ರ ಕಳಿಸುತ್ತೇನೆ ಎಂದ.

ಯುದ್ಧದ ಕಾಲ. ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ದಿಣ್ಣೆ ಬಂದಲ್ಲೆಲ್ಲ ಇಳಿದು ತಳ್ಳಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಮದ್ದೂರು ಸೇರಿದೆವು. ಮಂಡ್ಯದ ರೈಲಿಗೆ ನಾನು ಎರಡು ಟಿಕೆಟ್ ತೆಗೆದು ಜೇಬಿಗೆ ಹಾಕಿಕೊಂಡು ತಿರುಗಿದರೆ, ನನ್ನ ತರಗತಿಯಲ್ಲಿದ್ದ ಇಬ್ಬರು ಹುಡುಗರು ನಿಂತಿದ್ದರು. ಪಾಸಾಗಿ ಮಂಡ್ಯದ ಹೈಸ್ಕೂಲಿಗೆ ಹೋಗುತ್ತಿದ್ದವರು. ವಿಷಯ ಕೇಳಿ ಒಬ್ಬ, "ನೀನು ಬರೆಯಾಕೆ ಆಗ್ದೆ ಇದ್ದುದ್ಕೆ ನಿಮ್ಮಕ್ಕನ್ನ ಕಳುಸ್ತಿದ್ದೀಯೇನ್ಲಾ?" ಎಂದ. ಇನ್ನೊಬ್ಬ, "ಅಕ್ಕ ಬರುದ್ರೆ ಇವ್ನು ಚೀಲ ಒತ್ಕೊಂಡು ಬಾಗ್ಲಲ್ಲಿ ಕೂತಿರ್ತಾನೆ ಬುಡು" ಎಂದ.

ತಮಾಷೆಯ ಮಾತು. ಅದಕ್ಕೇ ನಾನು ಓಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಪಾಸಾಗುತ್ತಾಳೆ ಎಂಬುದು ನನಗೆ ಗೊತ್ತಿತ್ತು. ನಾನು ಬಿದ್ದ ಬಾಗಿಲಿನಲ್ಲಿ ಅವಳು ನಡೆದು ಹೋಗುವುದನ್ನು ಚೀಲ ಹಿಡಿದು ನೋಡಲು ನನಗೆ ಆಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಅಕ್ಕನಿಗೆ ಹೇಳಿ, ಬೆಲ್ಲದ ಮೂಟೆಗಳ ಹಿಂದೆ ಕುಳಿತೆ.

ರೈಲು ಬಂತು. ಅಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕೂಲಿಯವನನ್ನು ಏನೋ ಕೇಳಿದಳು. ನನ್ನ ಹೆಸರು ಹಿಡಿದು ಎರಡು ಸಲ ಕೂಗಿದಳು. ಗಾರ್ಡು ಸೀಟಿ ಊದಿದ ಮೇಲೆ ಚೀಲವನ್ನು ಸೊಂಟಕ್ಕೆ ಏರಿಸಿ, ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವವಳ ಹಾಗೆ ಹತ್ತಿಯೇ ಬಿಟ್ಟಳು. ಅವಳು ಅದುವರೆಗೆ ರೈಲಿನಲ್ಲಿ ಕೂತವಳಲ್ಲ. ಅವಳ ಟಿಕೆಟ್ ನನ್ನ ಜೇಬಿನಲ್ಲಿತ್ತು.

ಸೋಮನಹಳ್ಳಿಯಲ್ಲಿ ಸ್ನೇಹಿತನ ಮನೆಯಲ್ಲಿದ್ದು, ನಾಲ್ಕನೆಯ ದಿನ ಅದೇ ಸ್ಟೇಷನ್ನಿಗೆ ಹೋಗಿ ನಿಂತೆ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ನಗುತ್ತ ಇಳಿದಳು. ಮಂಡ್ಯದಲ್ಲಿ ಟಿಕೆಟ್ ಕೇಳುವವರು ಅವಳನ್ನು ತಡೆದು ನಿಲ್ಲಿಸಿದರಂತೆ. ಅಪ್ಪನ ಹೆಸರು ಕೇಳಿದರಂತೆ, ಊರು ಕೇಳಿದರಂತೆ. ಇವಳು ಪರೀಕ್ಷೆಯ ಕಾಗದ ತೋರಿಸಿ, ಗೋಡೆಯ ಮೇಲೆ ಬರೆಯುವ ಹಾಗೆಯೇ, 'ದ ಬಾಯ್ ಹೂ ಕೀಪ್ಸ್ ಮೈ ಟಿಕೆಟ್ ಈಸ್ ಇನ್ ಮದ್ದೂರು' ಅಂದಳಂತೆ. ನನ್ನ ಟಿಕೆಟ್ ಇಟ್ಟುಕೊಂಡಿರುವ ಹುಡುಗ ಮದ್ದೂರಿನಲ್ಲಿದ್ದಾನೆ. ಆ ಮನುಷ್ಯ ಗಟ್ಟಿಯಾಗಿ ನಕ್ಕು, ಪರೀಕ್ಷೆಯನ್ನು ಇಲ್ಲೇ ಪಾಸು ಮಾಡಿಬಿಟ್ಟೆಯಲ್ಲಮ್ಮ ಎಂದು, ನಾವು ಇಳಿದುಕೊಳ್ಳಬೇಕಿದ್ದ ಮೇಷ್ಟ್ರ ತಂಗಿಯ ಮನೆಗೆ ದಾರಿ ತೋರಿಸಿ ಕಳಿಸಿದರಂತೆ. ಅಲ್ಲಿಂದಲೇ ಮೂರು ದಿನವೂ ಒಬ್ಬಳೇ ಹೋಗಿ ಬರೆದು ಬಂದಿದ್ದಳು.

ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಮನೆಯ ಬಾಗಿಲಲ್ಲಿ ಅಪ್ಪ ಎದುರಾದಾಗ, "ಓಗಿ ಬಂದೋ ಕಣಪ್ಪ, ಇಬ್ರೂವೆ" ಎಂದಳು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ಬಚ್ಚಿಟ್ಟುಕೊಂಡದ್ದಕ್ಕಿಂತ ದೊಡ್ಡ ತಪ್ಪು.

ಅವಳು ಪಾಸಾದಳು. ಅಪ್ಪ ಊರಿಗೆಲ್ಲ ಹೊಸ ಬೆಲ್ಲ ಹಂಚಿದ. ಸಿದ್ದಮಾವ ಎರಡು ಸಲ ಬಂದ. ಟ್ರೈನಿಂಗ್ ಮುಗಿಸಿ ಅಕ್ಕ ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾದಳು. ಕಪ್ಪು ಕೊಡೆ ಹಿಡಿದು ನಡುರಸ್ತೆಯಲ್ಲಿ ನಡೆಯುವಳು. ಗಾಡಿಯವರೇ ಪಕ್ಕಕ್ಕೆ ಸರಿಯುತ್ತಿದ್ದರು. ಅವಳು ತೀರಿಕೊಂಡು ಬಹಳ ವರ್ಷವಾಯಿತು. ಆ ಕೊಡೆ ನಮ್ಮ ಮನೆಯಲ್ಲಿದೆ, ಯಾರೂ ಬಿಚ್ಚುವುದಿಲ್ಲ.

ಪರೀಕ್ಷೆಯಾದ ಮೇಲಿನ ಆ ಐದು ವರ್ಷವೂ ಅಪ್ಪ ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವನು ಜೊತೆಗಿದ್ದುದರಿಂದಲೇ ಅವಳು ಗೆದ್ದಳು ಎನ್ನುತ್ತಿದ್ದ. ಎಷ್ಟೋ ಸಲ ಮಳವಳ್ಳಿಗೆ ಹೋಗಿ ಅಕ್ಕನ ಎದುರು ಕೂತು ಬಾಯಿ ತೆರೆದೆ. ಊಟ ಮಾಡು ಎನ್ನುವಳು. ಊಟ ಮಾಡಿ ವಾಪಸು ಬರುತ್ತಿದ್ದೆ.

ಸ್ವಾತಂತ್ರ್ಯ ಬಂದ ವರ್ಷ ಅವಳ ಶಾಲೆಯಲ್ಲಿ ಸಭೆ ನಡೆಯಿತು. ನಮ್ಮೂರಿನಿಂದ ಎರಡು ಗಾಡಿ ಕಟ್ಟಿಕೊಂಡು ಹೋದೆವು. ಅಕ್ಕನ ಹುಡುಗಿಯರು ಕೊರಳಿಗೆ ರಟ್ಟು ತೂಗುಹಾಕಿಕೊಂಡು ಬಂದರು, ಒಬ್ಬೊಬ್ಬಳಿಗೆ ಒಂದೊಂದು ಪದ. ಮೊದಲು ಕನ್ನಡದ ಸಾಲು ನಿಂತಿತು. ತಮಟೆಯ ಏಟು ಬಿದ್ದ ಕೂಡಲೇ ಹುಡುಗಿಯರು ರಟ್ಟು ತಿರುವಿ, ಜಾಗ ಬದಲಾಯಿಸಿ, ಕೊನೆಯಲ್ಲಿದ್ದವಳು ಮುಂದೆ ಬಂದು, ಅದೇ ಮಾತು ಇಂಗ್ಲಿಷಾಯಿತು. ನಮ್ಮ ಆಲೆಮನೆಯ ಗೋಡೆಯೇ ಎದ್ದು ಕುಣಿದ ಹಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹೆಡ್‌ಮಿಸ್ಟ್ರೆಸ್ಸು ಅಪ್ಪನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಅಪ್ಪ ಹಾರ ತೆಗೆದು, ನನ್ನನ್ನು ಕೈ ಹಿಡಿದು ಮೇಲೆ ಎಳೆದುಕೊಂಡ. "ಇದು ನನಗೆ ಸೇರಾದಲ್ಲ ಸ್ವಾಮಿ" ಎಂದ. "ಅವತ್ತು ಅಕ್ಕನ ಇಂದೆ ಮಂಡ್ಯಗಂಟ ಓಗಿದ್ದೋನು ಇವನು. ಇವನಿಗೆ ಆಕ್ತೀನಿ." ಹಾರ ನನ್ನ ಕೊರಳಿಗೆ ಬಿತ್ತು.

ಅಕ್ಕ ವೇದಿಕೆಯ ಮೂಲೆಯಲ್ಲಿ ನಿಂತಿದ್ದಳು. ಬೇಡ, ಸುಮ್ಮನಿರು ಎಂಬಂತೆ ಕಣ್ಣಿನಲ್ಲೇ ಹೇಳಿದಳು. ಇನ್ನೊಂದು ಸಲ ನನ್ನನ್ನು ಕಾಯಲು ನಿಂತಿದ್ದಾಳೆ ಎನ್ನಿಸಿತು. ಹಾರ ತೆಗೆದೆ. ಐದು ವರ್ಷ ಪೆಟ್ಟಿಗೆಯಲ್ಲಿದ್ದು ಅವತ್ತು ಜೇಬಿನಲ್ಲಿ ತಂದಿದ್ದ ಎರಡು ರಟ್ಟಿನ ಟಿಕೆಟ್ಟುಗಳನ್ನೂ ತೆಗೆದೆ. ಎರಡನ್ನೂ ಹಾರದ ಜೊತೆ ಅವಳ ಕೈಗಿಟ್ಟು, ಅವಳು ಅಷ್ಟು ಸಲ ಕೇಳಿದ್ದ ವಾಕ್ಯವನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಐ ಆಮ್ ದ ಬ್ರದರ್ ಹೂ ಡಿಡ್ ನಾಟ್ ಗೋ."

ಹುಡುಗಿಯರಿಗೆ ಅರ್ಥವಾಯಿತು, ಅಪ್ಪನಿಗೆ ಆಗಲಿಲ್ಲ. ಅವನ ಕಡೆ ತಿರುಗಿ, "ನಾನು ಓಗ್ಲಿಲ್ಲ ಕಣಪ್ಪ. ಮದ್ದೂರಲ್ಲೇ ಬಚ್ಚಿಟ್ಕೊಂಡೆ. ಅವಳು ಒಬ್ಬಳೇ ಓಗಿ ಗೆದ್ದು ಬಂದ್ಲು" ಎಂದೆ. ಅಪ್ಪ ನನ್ನನ್ನು ನೋಡಲಿಲ್ಲ. ಅಕ್ಕನನ್ನು, ಮೊದಲ ಸಲ ನೋಡುವವನ ಹಾಗೆ, ನೋಡುತ್ತ ನಿಂತ. ಆಮೇಲೆ ನಾನೂ ಅವಳ ಕಡೆ ತಿರುಗಿದೆ.

"ತಪ್ಪಾಯ್ತು ಕಣಕ್ಕ."