ಟೈಲರ್ ಅಳೆದ ವಿಮಾನದ ದಾರಿ

ಭೂಮಿ ದುಂಡಗಿದೆ ಎಂಬುದು ನಮ್ಮ ಟೈಲರಿಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ. ಆದರೆ ಹೆಂಡತಿ ಒಬ್ಬಳೇ ವಿಮಾನ ಹತ್ತಿ, ಭೂಮಿಯ ಆಚೆ ಬದಿಯಲ್ಲಿದ್ದ ಅಕ್ಕನ ಮನೆಗೆ ಹೊರಟಾಗ ಈ ಮಹಾಶಯ ಮಾಡಿದ್ದೇನು? ಅಂಗಡಿಯ ಗೋಡೆಗೆ ಪ್ರಪಂಚದ ನಕ್ಷೆ ಅಂಟಿಸಿ, ಈ ವಿಮಾನ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಟೇಪು ಹಿಡಿದು ಗೆರೆ ಎಳೆದ. ಸೀಮೆಸುಣ್ಣದಲ್ಲಿ ಗುಣಾಕಾರ, ಭಾಗಾಕಾರ ಎಲ್ಲ ಮಾಡಿ, "ಹದಿನೆಂಟು ಗಂಟೆ! ಟಿಕೆಟ್‌ನಲ್ಲಿ ಹದಿನೈದು ಅಂತ ಸುಳ್ಳು ಬರ್ದಿದಾರೆ" ಎಂದು ಬಂದ ಗಿರಾಕಿಗಳಿಗೆಲ್ಲ ಕೊಚ್ಚಿಕೊಂಡ.

ಜೊತೆಗೆ ಬನ್ನಿ ಎಂದು ಅವಳು ಕರೆದಿದ್ದಳು. "ಇಷ್ಟೊಂದು ಹೊಲಿಗೆ ಬಿಟ್ಟು ಎಲ್ಲಿಗ್ ಬರ್ಲಿ?" ಎಂದು ರೇಗಿದ್ದ. ಶುದ್ಧ ಸುಳ್ಳು. ಎರಡನೇ ಮಹಡಿಯಿಂದ ಕೆಳಗೆ ಬಗ್ಗಿ ನೋಡಿದರೇ ತಲೆ ತಿರುಗುವ ಗಂಡಸು ಅವನು. ಹೆದರಿಕೆ ಎಂದು ಬಾಯಿಬಿಡಲು ನಾಚಿಕೆ. ಅದಕ್ಕೆ ಸಿಟ್ಟಿನ ವೇಷ ಹಾಕಿದ. ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಅವಳು ಹೊರಡುವಾಗಲೂ ತಲೆಯೆತ್ತದೆ ಯಾರದೋ ಕಾಲರ್ ಹೊಲಿಯುತ್ತ ಕೂತಿದ್ದ.

ಈಗ ಮೊಬೈಲಿನಲ್ಲಿ ಅವಳ ವಿಮಾನ ಸಾಗುವುದನ್ನು ನೋಡುತ್ತಿದ್ದವನಿಗೆ ಜೀವ ಬಾಯಿಗೆ ಬಂತು. ಅದು ಅವನ ಗೆರೆ ಬಿಟ್ಟು ಮೇಲೆ ಮೇಲೆ, ಉತ್ತರದ ಹಿಮದ ಕಡೆ ಹೋಗುತ್ತಿದೆ!

"ಅಯ್ಯೋ, ದಾರಿ ತಪ್ಪಿಬಿಡ್ತು! ಒಂದ್ ಮಾತಾಡಿ ಕಳಿಸಿದ್ರೆ ನನ್ನ ಗಂಟೇನು ಹೋಗ್ತಿತ್ತು!" ಎಂದು ಕೂಗಾಡಿದ. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದಿದ್ದ ಸ್ಕೂಲ್ ಮೇಷ್ಟ್ರು ನಕ್ಷೆ ನೋಡಿದರು, ಮೊಬೈಲ್ ನೋಡಿದರು, ಆಮೇಲೆ ತಮ್ಮ ಹೊಟ್ಟೆಯನ್ನು ಮುಂದೆ ಮಾಡಿದರು.

"ಈ ಪಕ್ಕೆಯಿಂದ ಆ ಪಕ್ಕೆಗೆ, ಉಬ್ಬಿನ ಮೇಲೇ ಅಡ್ಡಡ್ಡ ಅಳತೆ ತಗೋ."

ತೆಗೆದುಕೊಂಡ.

"ಈಗ ಉಬ್ಬು ತಪ್ಪಿಸಿ, ಮೇಲಿಂದ ಬಳಸಿ ತಗೋ."

ನಾಲ್ಕು ಇಂಚು ಕಡಿಮೆ ಬಂತು.

"ಭೂಮೀನೂ ಹೀಗೇ ಕಣಯ್ಯಾ. ನಕ್ಷೇಲಿ ಸುತ್ತು ಅಂತ ಕಾಣೋ ದಾರೀನೇ ಹತ್ತಿರದ್ದು. ಪೈಲಟ್‌ಗೆ ನಿನ್ನ ಟೇಪು ಬೇಕಾಗಿಲ್ಲ."

ಎಲಾ ಭೂಪ! ಇಷ್ಟು ವರ್ಷ ಕಂಡವರ ಹೊಟ್ಟೆಗಳನ್ನೆಲ್ಲ ಅಳೆದವನು, ಭೂಮಿಯೊಂದನ್ನು ಮಾತ್ರ ಮೇಜಿನ ಮೇಲೆ ಹರಡಿದ ಬಟ್ಟೆ ಎಂದುಕೊಂಡೆನಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡ. ಆದರೂ ಸಮಾಧಾನವಾಗಲಿಲ್ಲ. ದಾರಿ ಸರಿಯಿದ್ದರೇನು, ಅವಳನ್ನು ಮಾತಿಲ್ಲದೆ ಕಳಿಸಿದ್ದು ಸರಿಯಾಗಲಿಲ್ಲವಲ್ಲ. ಸೂಜಿಗೆ ದಾರ ಪೋಣಿಸಲೂ ಕೈ ಬರಲಿಲ್ಲ.

ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೇ ವಿಮಾನ ಇಳಿಯಿತು. ಫೋನ್ ಬಂತು.

"ತಲುಪಿದೆ. ಊಟ ಆಯ್ತಾ?"

"ಹೊಲಿಗೆ ಗಿಲಿಗೆ ಏನೂ ಇರ್ಲಿಲ್ಲ ಕಣೇ. ವಿಮಾನ ಅಂದ್ರೆ ನಂಗೆ ಹೆದರಿಕೆ. ಅದಕ್ಕೇ ಬರ್ಲಿಲ್ಲ." ಒಂದೇ ಉಸಿರಿಗೆ ಹೇಳಿಬಿಟ್ಟ.



"ನಂಗೂ ಹೆದರಿಕೇನೇ ಇತ್ತು ರೀ" ಎಂದಳು. "ಅದಕ್ಕೇ ನಿಮ್ಮನ್ನ ಕರೆದಿದ್ದು."