ಮೋಡಣ್ಣನ ಮಳೆ ತೊಟ್ಟಿ

ಊರಿನವರೆಲ್ಲ ಬಚ್ಚಲಿಗೆ ನೀರು ಹುಯ್ದು ಕೈ ತೊಳೆದುಕೊಂಡುಬಿಡುತ್ತಾರೆ. ಆಮೇಲೆ ಆ ಕೊಚ್ಚೆ ಎಲ್ಲಿಗೆ ಹೋಯಿತು ಅಂತ ಕೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ಅದೆಲ್ಲ ಹೋಗಿ ಸೇರುತ್ತಿದ್ದದ್ದು ಮೋಡಣ್ಣನ ಹತ್ತಿರ. ಊರಾಚೆ ಹಳ್ಳದ ದಡದಲ್ಲಿ ತಂತಿಬೇಲಿ, ಬೇಲಿಯೊಳಗೆ ಮೂರು ಸಿಮೆಂಟು ತೊಟ್ಟಿ, ಒಂದು ಪಂಪಿನ ಕೋಣೆ, ಕೋಣೆಯಲ್ಲಿ ಕಾಲು ಅಲ್ಲಾಡುವ ಕುರ್ಚಿ. ಅದೇ ಕೊಚ್ಚೆ ಶುದ್ಧಿ ಮಾಡುವ ಘಟಕ, ಅವನೇ ಅದರ ಆಪರೇಟರು. ಮಾತಿನ ಮಧ್ಯೆಯೂ ಕತ್ತೆತ್ತಿ ಆಕಾಶ ನೋಡುವ ಚಾಳಿಯಿಂದ ಆ ಹೆಸರು ಬಿದ್ದಿತ್ತು. ಸಿಟ್ಟು ಬಂದರೆ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ನೋಡದೆ ಇನ್ನೇನು ಮಾಡಬೇಕಿತ್ತು ಹೇಳಿ! ಮಳೆ ಬಂದರೆ ಊರಿನ ಚಾವಣಿಗಳ ನೀರೆಲ್ಲ ಅದೇ ಕೊಚ್ಚೆ ಪೈಪಿಗೆ ನುಗ್ಗುತ್ತಿತ್ತು. ಘಟಕಕ್ಕೆ ಅಷ್ಟು ದೊಡ್ಡ ಹೊಟ್ಟೆ ಎಲ್ಲಿಂದ ಬರಬೇಕು? ಹೆಚ್ಚಾದದ್ದು ಮಳೆ ತೊಟ್ಟಿಯಲ್ಲಿ ನಿಲ್ಲಬೇಕು. ಅದೂ ತುಂಬಿದರೆ ಕಟ್ಟೆ ಹಾರಿ, ಕೊಚ್ಚೆ ಕೊಚ್ಚೆಯಾಗಿಯೇ ಹಳ್ಳಕ್ಕೆ. ಹಳ್ಳದ ಕೆಳಗಡೆ ಅವನ ತಂಗಿಯ ಮೀನಿನ ಹೊಂಡ. ಗಂಡ ಸತ್ತ ಮೇಲೆ ಅವಳೇ ನಿಂತು ತೋಡಿಸಿದ್ದು, ಅವಳಿಗೆ ಇದ್ದದ್ದೂ ಅದೊಂದೇ. ಹೋದ ವರ್ಷ ತೊಟ್ಟಿ ಉಕ್ಕಿ, ಆ ನೀರು ತೂಬಿನೊಳಗಿಂದ ಹೊಂಡಕ್ಕೆ ಹೋಗಿ, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ತಂಗಿ ಘಟಕದ ಬೇಲಿಯ ಹತ್ತಿರ ಬಂದು, ಹೋಗಿಬರುವವರಿಗೆಲ್ಲ ಕೇಳುವ ಹಾಗೆ ಬಾಯಿಗೆ ಬಂದಂತೆ ಬೈದಳು. "ಒಡಹುಟ್ಟಿದವನು ಅಂದ್ಕೊಂಡು ಇನ್ನೊಂದ್ಸಲ ನನ್ನ ಹೊಸಿಲು ತುಳೀಬೇಡ" ಅಂದಳು.

ಈ ವರ್ಷ ಅವಳು ಹೊಂಡಕ್ಕೆ ಮತ್ತೆ ಮೀನಿನ ಮರಿ ಬಿಟ್ಟದ್ದು ಗೊತ್ತಾದ ದಿನವೇ ಮೋಡಣ್ಣ ಹೋಗಿ ಹೊಸಿಲಾಚೆ ನಿಂತ. "ಈ ಸಲ ಒಂದು ಹನಿ ಬಿಡಲ್ಲ ಕಣೆ." ಅವಳು ಒಳಗೆ ಕರೆಯಲಿಲ್ಲ. "ನೋಡೋಣ" ಅಂದಳು. ಅಷ್ಟಕ್ಕೇ ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಬೇಸಿಗೆಯೆಲ್ಲ ಮನೆಮನೆ ಸುತ್ತಿದ. ಚಾವಣಿಯ ಪೈಪನ್ನು ಕೊಚ್ಚೆ ಪೈಪಿನಿಂದ ಬಿಡಿಸಿ ಅಂಗಳಕ್ಕೆ ತಿರುಗಿಸಿ ಅಂತ ಅಂಗಲಾಚಿದ. "ಮಳೆ ಬರೋದಕ್ಕೂ ನಿನ್ನ ಪರ್ಮಿಷನ್ ಬೇಕೇನಯ್ಯಾ?" ಅಂದರು ರಿಟೈರಾದ ಮೇಷ್ಟ್ರು. ಬೇಕರಿಯವನು ಕಿಸಕ್ಕನೆ ನಕ್ಕ. ಆದರೂ ಅವನ ಕಾಟ ತಾಳಲಾರದೆ ಅರ್ಧ ಊರು ಪೈಪು ಬಿಡಿಸಿತು. ಗೊಣಗಿಕೊಂಡೇ ಮೇಷ್ಟ್ರೂ ಬಿಡಿಸಿದರು.

ಮೊದಲ ದೊಡ್ಡ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೋಡಣ್ಣ ಮನೆ ಕಡೆ ತಲೆ ಹಾಕಲಿಲ್ಲ, ಕಣ್ಣು ಮುಚ್ಚಲಿಲ್ಲ. ತೊಟ್ಟಿ ಏರಿತು, ಏರಿತು, ಕಟ್ಟೆಯ ಅಂಚಿಗೆ ಬಂತು. ಅಲ್ಲಿಗೆ ಮಳೆ ನಿಂತಿತು. ಒಂದು ಹನಿ ಆಚೆ ಹೋಗಿರಲಿಲ್ಲ! ಅಳಬೇಕೋ ನಗಬೇಕೋ ತಿಳಿಯದೆ ಅವನು ತಂಗಿಗೆ ಫೋನು ಮಾಡಿದ.

"ತೂಬು ಮುಚ್ಚಿದೀಯಾ?"

"ಮೊದಲ ಹನಿ ಬಿದ್ದಾಗಲೇ ಮುಚ್ಚಿದೆ. ಹೊಸ ನೀರಿಲ್ಲದೆ ಮೀನು ಬಾಯಿ ಬಾಯಿ ಬಿಡ್ತಿವೆ."

"ತೆಗಿಯೇ, ಧೈರ್ಯವಾಗಿ ತೆಗಿ. ಹಳ್ಳದಲ್ಲಿ ನಮ್ಮ ಕೊಚ್ಚೆ ಒಂದು ಹನಿ ಇಲ್ಲ."

ಅತ್ತ ಕಡೆಯಿಂದ ತೂಬು ಎತ್ತಿದ ಸದ್ದು ಬಂತು. ಆಮೇಲೆ, "ಸಂಜೆ ಊಟಕ್ಕೆ ಬಾ" ಅಂದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ! ಆದರೆ ಪಶ್ಚಿಮದಲ್ಲಿ ಮತ್ತೆ ಕಪ್ಪು ಕಟ್ಟುತ್ತಿತ್ತು, ತೊಟ್ಟಿಯಲ್ಲಿ ಒಂದು ಕೊಡಕ್ಕೂ ಜಾಗವಿರಲಿಲ್ಲ. ಅಲ್ಲಿ ನಿಂತದ್ದನ್ನು ಗಾಳಿ ಊದುವ ತೊಟ್ಟಿಗೆ ವಾಪಸ್ಸು ಬಿಟ್ಟು ಶುದ್ಧಿ ಮಾಡಬೇಕು. ಗಾಳಿ ತೊಟ್ಟಿಯಲ್ಲಿರುವುದು ಕಂದು ಗಸಿ, ಕೊಚ್ಚೆಯನ್ನು ತಿಂದು ಬದುಕುವ ಜೀವಾಣುಗಳ ಗಸಿ. ಹಸುಗೂಸಿಗೆ ಚಮಚದಲ್ಲಿ ಹಾಲು ಕುಡಿಸಿದ ಹಾಗೆ ನಿಧಾನವಾಗಿ ಬಿಡಬೇಕು. ರಭಸಕ್ಕೆ ಬಿಟ್ಟರೆ ಗಸಿಯೇ ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ವಾರಗಟ್ಟಲೆ ಊರಿನ ಕೊಚ್ಚೆ ತಿನ್ನುವವರಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಟ್ಟವನೇ ಮೋಡಣ್ಣ. ಗೊತ್ತಿದ್ದೂ ಗೊತ್ತಿದ್ದೂ ಆ ಮಹಾರಾಯ ವಾಲ್ವನ್ನು ಪೂರಾ ತಿರುಗಿಸಿಬಿಟ್ಟ. ಸ್ವಲ್ಪ ಹೊತ್ತು ಅಷ್ಟೇ, ತೊಟ್ಟಿ ಒಂದಿಷ್ಟು ತಗ್ಗಲಿ, ಆಮೇಲೆ ಸಣ್ಣಗೆ ಮಾಡಿದರಾಯಿತು ಅಂದುಕೊಂಡು ಕುರ್ಚಿಯಲ್ಲಿ ಕೂತ. ಎರಡು ದಿನ ತಡೆದಿಟ್ಟ ನಿದ್ದೆ ಮಾತು ಕೇಳುತ್ತದೆಯೇ?

ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಮೋಡ ಚದುರಿಹೋಗಿತ್ತು. ಮಳೆ ತೊಟ್ಟಿ ಖಾಲಿ. ಗಾಳಿ ತೊಟ್ಟಿಯ ನೀರು ಗಸಿಯಿಲ್ಲದೆ ತೆಳ್ಳಗಾಗಿತ್ತು; ಗಸಿಯೆಲ್ಲ, ಅದು ತಳಕ್ಕೆ ತಂಗಬೇಕಾದ ಕೊನೆಯ ತೊಟ್ಟಿಯ ಅಂಚು ದಾಟಿ ಹಳ್ಳಕ್ಕಿಳಿದಿತ್ತು. ಕಣ್ಣು ಹಾಯುವಷ್ಟು ದೂರ ಹಳ್ಳ ಕಂದಾಗಿತ್ತು. ವಾಲ್ವು ಮುಚ್ಚಿದ, ಫೋನು ಮಾಡಿದ. ಅದು ಬಡಕೊಂಡಿತು, ಯಾರೂ ಎತ್ತಲಿಲ್ಲ. ಸೈಕಲ್ಲು ಹತ್ತಿದ.

ತಂಗಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ತೂಬು ಮುಚ್ಚಿದ್ದಳು, ಆದರೆ ತಡವಾಗಿತ್ತು. ಅಂಗೈಯಷ್ಟಾಗಿದ್ದ ಮೀನುಗಳು ದಡದಲ್ಲಿ ಒತ್ತೊತ್ತಾಗಿ ಬಾಯಿ ಮೇಲೆತ್ತಿ ಒದ್ದಾಡುತ್ತಿದ್ದವು. ಎಷ್ಟೋ ಆಗಲೇ ಒದ್ದಾಟ ನಿಲ್ಲಿಸಿದ್ದವು.

"ಆಮೇಲೆ ಮಳೆನೇ ಬರಲಿಲ್ವಲ್ಲಣ್ಣ" ಅಂದಳು. "ಇದೆಲ್ಲಿಂದ ಬಂತು?"

ಸುಳ್ಳು ಹೇಳೋಣವೆಂದರೆ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ. "ನಾನೇ ಬಿಟ್ಟೆ ಕಣೆ. ಇನ್ನೊಂದು ಮಳೆ ಬರುತ್ತೆ, ನಿನ್ನ ಮೀನು ಸಾಯುತ್ತೆ ಅಂತ ಹೆದರಿ ಆತುರಪಟ್ಟೆ."

ಬೈಯುತ್ತಾಳೆ ಅಂತ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸತ್ತ ಮೀನೊಂದನ್ನು ಎತ್ತಿ ಬುಟ್ಟಿಗೆ ಹಾಕಿದಳು, ಇನ್ನೊಂದನ್ನು ಎತ್ತಿದಳು. ಅವನೂ ನೀರಿಗಿಳಿದ. ಬುಟ್ಟಿ ತುಂಬಿತು, ಇನ್ನೊಂದು ಬುಟ್ಟಿ ತಂದರು.

ಹೊತ್ತು ಮುಳುಗುವಾಗ ಅವನು ಸೈಕಲ್ಲಿನ ಕಡೆ ಹೊರಟ. "ಊಟಕ್ಕೆ ಕರೆದಿದ್ದೆ, ಬಾ" ಅಂದಳು. ಒಂದು ವರ್ಷದ ಮೇಲೆ ಅವನು ಆ ಹೊಸಿಲು ದಾಟಿದ. ತಟ್ಟೆಯಲ್ಲಿ ಹುರಿದ ಮೀನು ಬಡಿಸಿದಳು. ಅವನ ಕೈ ತಟ್ಟೆಗೆ ಹೋಗಲಿಲ್ಲ.

"ತಿನ್ನಣ್ಣ, ಇದಕ್ಕೇನೂ ಆಗಿಲ್ಲ" ಅಂದಳು ತಂಗಿ. "ನೀನು ತೂಬು ತೆಗಿ ಅಂದೆಯಲ್ಲ, ಆ ಖುಷಿಗೆ ಆಗಲೇ ಹಿಡಿದು ಇಟ್ಟಿದ್ದು."