ನೀರಿನ ಟಾಂಕಿಗೆ ಬಿದ್ದ ಕಲ್ಲು

ನಾನು ನಿಂತಿದ್ದದ್ದು ಮುಂಬಯಿಯ ಮಾಟುಂಗದ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ಬಟ್ಟೆ ಒಣಹಾಕುವ ತಂತಿಯ ಸ್ಟೇಷನ್ ಕಡೆಯ ತುದಿಯಲ್ಲಿ. ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಗಿನ ಹೊತ್ತು. ನೀರಿನ ಟಾಂಕಿ ನನ್ನ ಬೆನ್ನ ಹಿಂದಿತ್ತು. ಧಡ್ ಎಂದು ಸದ್ದಾಗಿ ತಿರುಗಿದಾಗ ಮುಚ್ಚಳ ಒಡೆದಿತ್ತು, ಸೀಳಿದ ಪಕ್ಕದಿಂದ ನೀರು ಸುರಿಯುತ್ತಿತ್ತು. ಕಲ್ಲು ಬೀಳುವುದನ್ನು ನಾನು ನೋಡಲಿಲ್ಲ. ಆಗಲೂ ಹಾಗೇ ಹೇಳಿದೆ.

ಟೆರೇಸಿನ ಕೋಣೆಯಲ್ಲಿದ್ದವರು ಉಡುಪಿ ಕಡೆಯ ಅಡುಗೆ ಭಟ್ಟರು. ಕೋಣೆ ಬಿಡಿ ಎಂದು ಸೊಸೈಟಿಯ ಸೆಕ್ರೆಟರಿ ಆಗಷ್ಟೇ ಅವರೊಡನೆ ಜಗಳವಾಡಿದ್ದರು. ನಾನು ಕೆಳಗಿಳಿದು ಸೆಕ್ರೆಟರಿಯನ್ನು ಕರೆತರುವಷ್ಟರಲ್ಲಿ ಭಟ್ಟರು ಟಾಂಕಿಯಿಂದ ಕರಿಯ ಕಲ್ಲೊಂದನ್ನು ಎತ್ತಿ, ಮರಳು, ತೌಡು ಹಾಕಿ ನಾರಿನಿಂದ ತಿಕ್ಕುತ್ತಿದ್ದರು. ಹೊಸ ಅರೆಯುವ ಕಲ್ಲನ್ನು ಪಳಗಿಸುವುದು ಹೀಗೇ.

"ಒಳ್ಳೆ ಗಟ್ಟಿ ಕಲ್ಲು ಮಾರಾಯ್ರೆ, ಶುಂಠಿ ಜಜ್ಜಲಿಕ್ಕೆ ಆಗ್ತದೆ."

"ಗುರುತು ಅಳಿಸ್ತಿದ್ದೀರಾ ಭಟ್ರೆ? ಟಾಂಕಿ ಒಡೆದದ್ದು ನೀವೇ. ಕೋಣೆ ಖಾಲಿ ಮಾಡಿ."

ನನಗೂ ಅನುಮಾನ ಬಂತು. ಆದರೆ ಕಲ್ಲು ಗಾತ್ರಕ್ಕೆ ಮೀರಿದ ಭಾರ; ಫ್ರಿಜ್ಜಿನ ಅಯಸ್ಕಾಂತ ತಂದಿಟ್ಟರೆ ಕಚ್ಚಿಕೊಂಡಿತು. ಆಕಾಶದಿಂದ ಬಿದ್ದದ್ದೇನೋ ಎನಿಸಿತು. ಪರೀಕ್ಷೆಯಾಗುವ ತನಕ ತಡೆಯಿರಿ ಎಂದು ಸೆಕ್ರೆಟರಿಯನ್ನು ಬೇಡಿ, ಅದನ್ನು ಕಲ್ಲುಗಳ ಪರಿಣತೆಯೊಬ್ಬರಿಗೆ ಒಯ್ದೆ.

"ಇದರ ಕರಿ ಸಿಪ್ಪೆ ಎಲ್ಲಿ?"

"ತಿಕ್ಕಿದ್ದಾರೆ."

"ಯಾರ್ರೀ ಇದನ್ನ ತಿಕ್ತಾರೆ?"

"ಅಡುಗೆಯವರು."

ಅವರು ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದರು. ಕೆಲವು ವಾರಗಳ ಮೇಲೆ ಸೀಳಿದ ತುಂಡು ತೋರಿಸಿದರು. ಒಳಗೆ ಸಣ್ಣ ದುಂಡು ಕಾಳುಗಳು, ಹೊಳೆಯುವ ಕಬ್ಬಿಣದ ಚುಕ್ಕೆಗಳು. ಹೊರಗೆ ಒಂದು ಗುಳಿಯಲ್ಲಿ ಮಾತ್ರ, ಆಕಾಶದಿಂದ ಬೀಳುವಾಗ ಸುಟ್ಟು ಕಟ್ಟಿದ ಕರಿ ಸಿಪ್ಪೆ ಉಳಿದಿತ್ತು. "ಉಲ್ಕೆಯೇ. ಹೆಚ್ಚಾಗಿ ಬೀಳುವುದು ಈ ಜಾತಿಯದ್ದೇ. ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತಿಲ್ಲ, ಹೊಸದಾಗಿ ಬಿದ್ದದ್ದು."

ಟೆರೇಸಿನಲ್ಲಿ ಇದನ್ನು ಹೇಳಿದಾಗ ಸೆಕ್ರೆಟರಿ ನಕ್ಕರು. "ಎಲ್ಲೋ ಬಿದ್ದದ್ದನ್ನ ಹೆಕ್ಕಿ ತಂದು ಎಸೆದಿರಬಹುದಲ್ಲ? ಬೀಳೋದನ್ನ ನೀವು ನೋಡಿದ್ದೀರಾ?"

ಭಟ್ಟರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನೋಡಿಲ್ಲ ಎಂದೆ.

ಎದುರಿನ ಬಿಲ್ಡಿಂಗಿನ ಮೇಲ್ಮಹಡಿಯ ಗ್ಯಾಲರಿಯಿಂದ ಅಜ್ಜಿಯೊಬ್ಬರು ಕೂಗಿದರು: "ನಾನು ನೋಡಿದ್ದೇನೆ! ತುಳಸಿಗೆ ನೀರು ಹಾಕ್ತಿದ್ದೆ, ಸೀದಾ ಮೇಲಿಂದ ಬಂತು. ಭಟ್ರು ಕೋಣೆ ಬಾಗಿಲಲ್ಲಿ ಮುಖಕ್ಕೆ ಸೋಪು ಹಚ್ಕೊಂಡು ನಿಂತಿದ್ರು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

"ಅಜ್ಜಿ, ನಿಮ್ಮ ಕಣ್ಣಿಗೆ ಪೊರೆ ಬಂದಿದೆಯಲ್ಲ?"

"ಒಂದಕ್ಕೆ. ಇನ್ನೊಂದು ನಿಮ್ಮನ್ನ ನೋಡ್ತಾ ಇದೆ."

ಕೋಣೆ ಉಳಿಯಿತು. ಆ ತಂತಿಯ ಹತ್ತಿರ ನಾನು ಈಗಲೂ ಮೇಲೆ ನೋಡದೆ ನಿಲ್ಲುವುದಿಲ್ಲ. ಸೆಕ್ರೆಟರಿಯ ಅನುಮಾನ ಹೋಗಿಲ್ಲ. ಸಿಕ್ಕಾಗೆಲ್ಲ ಮತ್ತೆ ಕೇಳುತ್ತಾರೆ. ನನ್ನನ್ನು ಕೇಳಿ ಪ್ರಯೋಜನವಿಲ್ಲ. ಅದು ಬೀಳುವುದನ್ನು ಕಂಡವರು ತುಳಸಿಯ ಅಜ್ಜಿ ಒಬ್ಬರೇ, ಅವರು ಇನ್ನೂ ಇದ್ದಾರೆ.